ಕತ್ತಲ ಅಂಗಳದ ಬಿಳಿ ಪಂಚೆ

ಆ ಮನೆಗೆ ಮೊದಲ ಸಲ ಹೋದಾಗ ನನ್ನನ್ನು ಗೇಟಿನಲ್ಲೇ ನಿಲ್ಲಿಸಿದರು. ಬ್ಲೀಚಿಂಗ್ ಪುಡಿ ಕಲಸಿದ ನೀರಿನ ಬೇಸಿನ್ ತೋರಿಸಿ ಕಾಲು ಅದ್ದಲು ಹೇಳಿದ ಮನೆಯಾಕೆ, ಅದ್ದಿದ ಮೇಲೂ ದಾರಿ ಬಿಡಲಿಲ್ಲ. ಮುಖಕ್ಕೆ ಏನಾದರೂ ಹಚ್ಚಿದ್ದೇನೆಯೇ, ತಲೆಗೆ ಯಾವ ಎಣ್ಣೆ, ಬ್ಯಾಗಿನಲ್ಲಿ ಸೆಂಟು ಇದೆಯೇ ಎಂದು ವಿಚಾರಿಸಿದರು. ಬಿಸಿಲಿಗೆಂದು ಹಚ್ಚಿಕೊಂಡಿದ್ದ ಕ್ರೀಮನ್ನು ಅವರ ಮನೆಯ ತೊಟ್ಟಿಯ ನೀರಿನಲ್ಲಿ ತೊಳೆದುಕೊಂಡೆ. ಒಳಗೆ ರೇಷ್ಮೆ ಹುಳುಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಪೊರೆ ಬಿಡಲು ಹುಳು ಮೇವು ಬಿಟ್ಟು ಮಲಗುವುದನ್ನು ಈ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದರಿಂದ ಎದ್ದ ಮೇಲೆ ಅವು ಹಗಲು ರಾತ್ರಿ ಸೊಪ್ಪು ತಿನ್ನುತ್ತವೆ, ಆಗ ಹೊಗೆ, ವಾಸನೆ, ಹೊರಗಿನ ಧೂಳು ಯಾವುದೂ ಆಗದು.

ನಾನು ರಾಮನಗರದ ಒಂದು ಕ್ಯಾಮೆರಾ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಜಾಗ ನೋಡಿ ಎಲ್ಲಿಗೆ ಯಾವ ಕ್ಯಾಮೆರಾ ಎಂದು ನಿರ್ಧರಿಸುವುದು ನನ್ನ ಪಾಲು. ಮೊಳೆ ಹೊಡೆದು ಕೇಬಲ್ ಎಳೆಯುವುದು ಫಿಟ್ಟರ್ ಪಾಲು. ಮನೆಗಳಲ್ಲಿ ಸಾಮಾನ್ಯವಾಗಿ ಗೇಟು, ಬಾಗಿಲು, ಗಾಡಿ ನಿಲ್ಲಿಸುವ ಜಾಗ ಇಷ್ಟನ್ನು ಕೇಳುತ್ತಾರೆ. ವಿರೂಪಾಕ್ಷಿಪುರದ ಕಡೆಯ ಈ ಹಳ್ಳಿಯಲ್ಲಿ ಅವರು ಕೇಳಿದ್ದು ಅಂಗಳವನ್ನು.

ಹುಳು ಹಣ್ಣಾದ ಮೇಲೆ, ಅಂದರೆ ಮೇವು ಬಿಟ್ಟು ನೂಲು ಬಿಡಲು ಸಿದ್ಧವಾದ ಮೇಲೆ, ಅದನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಾರೆ. ಚಂದ್ರಿಕೆ ಎಂದರೆ ಆಳೆತ್ತರದ ಬಿದಿರು ಚಾಪೆ, ಮೇಲೆ ಸುರುಳಿಯಾಗಿ ಹೆಣೆದ ಪಟ್ಟಿ. ಆ ಪಟ್ಟಿಗಳ ಸಂದಿಯಲ್ಲಿ ಹುಳು ಗೂಡು ಕಟ್ಟುತ್ತದೆ. ಗಾಳಿಯಾಡಬೇಕೆಂದು ಚಂದ್ರಿಕೆಗಳನ್ನು ಅಂಗಳದ ಚಪ್ಪರದಡಿ ಸಾಲಾಗಿ ಒರಗಿಸುತ್ತಾರೆ. ಹಿಂದಿನ ಎರಡು ಬೆಳೆಯಲ್ಲೂ ಚಪ್ಪರದ ತುದಿಯಲ್ಲಿದ್ದ ಚಂದ್ರಿಕೆಗಳಿಂದ ಗೂಡು ಹೋಗಿತ್ತು. ಬಿಡಿಸಿಕೊಂಡ ಜಾಗದಲ್ಲಿ ನೂಲಿನ ಎಳೆ ಜೋತಾಡುತ್ತಿದ್ದುದನ್ನು ಮನೆಯಾಕೆ ಫೋನಿನಲ್ಲಿ ಚಿತ್ರ ತೆಗೆದಿಟ್ಟಿದ್ದರು. ಅದನ್ನು ನನಗೆ ತೋರಿಸುವಾಗ ಅವರ ಧ್ವನಿ ತಗ್ಗಿತು. ಅಂಗಳ ಅವರೊಬ್ಬರದಲ್ಲ ಎಂಬುದು ಆಗ ನನ್ನ ಗಮನಕ್ಕೆ ಬಂತು. ಎದುರಿಗೆ ಇನ್ನೊಂದು ಮನೆ, ನಡುವೆ ಸೊಂಟದೆತ್ತರದ ಗೋಡೆ, ಗೋಡೆಯಲ್ಲಿ ಓಡಾಡಲು ಬಿಟ್ಟ ಒಂದು ಸಂದಿ. ಅದು ಅವರ ಗಂಡನ ಅಣ್ಣನ ಮನೆ.

ಆ ಹಿರಿಯರು ಅಲ್ಲೇ ಹಸುವಿಗೆ ಹುಲ್ಲು ಹಾಕುತ್ತಿದ್ದರು. ಬಿಳಿ ಪಂಚೆ, ತಲೆಗೆ ಬಿಳಿ ಟವೆಲ್ಲು. ಊರಿನ ಬಸವಣ್ಣನ ಗುಡಿಯ ಪೂಜೆ ಅವರ ಪಾಲಿಗೆ ಬಂದ ಮೇಲೆ ಬೇರೆ ಬಣ್ಣ ಉಟ್ಟಿಲ್ಲ ಎಂದು ಮನೆಯಾಕೆ ಹೇಳಿದರು. ಅವರು ಗೋಡೆಯ ಬಳಿ ಬಂದು ನನ್ನನ್ನು ನೋಡಿ, "ಯಾವೂರವ್ವ ನಿಂದು?" ಎಂದರು. ಸೋಲೂರು ಎಂದೆ. ಅಲ್ಲಿ ತೆಂಗು ಈಗ ಹೆಂಗೈತೆ ಎಂದು ಕೇಳಿದರು, ನನಗೆ ತಿಳಿದಷ್ಟು ಹೇಳಿದೆ. ನಾನು ಟೇಪು ಹಿಡಿದು ಚಪ್ಪರದ ಎತ್ತರ ಅಳೆದು ವಾಪಸ್ ಬರುವಷ್ಟರಲ್ಲಿ ಮತ್ತೆ ಗೋಡೆಯ ಬಳಿ ನಿಂತು, "ಯಾವೂರವ್ವ ನಿಂದು?" ಎಂದರು. ಮತ್ತೆ ಸೋಲೂರು ಎಂದೆ. ಮಾತಿಗೆಂದು ಕೇಳುತ್ತಿದ್ದಾರೆ ಅಂದುಕೊಂಡೆ.

ಆ ಅಂಗಳಕ್ಕೆ ಕ್ಯಾಮೆರಾ ಆರಿಸುವುದು ನಾನು ಎಣಿಸಿದಷ್ಟು ಸುಲಭವಿರಲಿಲ್ಲ. ಬೀದಿ ದೀಪ ದೂರ, ಚಪ್ಪರದ ಕೆಳಗಂತೂ ಪೂರ್ತಿ ಕತ್ತಲೆ. ಕತ್ತಲೆಯಲ್ಲೂ ಬಣ್ಣದ ಚಿತ್ರ ಕೊಡುವ ಕ್ಯಾಮೆರಾಗಳಿಗೆ ಈಗ ಬೇಡಿಕೆ ಹೆಚ್ಚು, ಆದರೆ ಅಗ್ಗದವುಗಳಲ್ಲಿ ಆ ಬಣ್ಣ ಬರುವುದು ಅವುಗಳಿಗೇ ಜೋಡಿಸಿದ ಬಿಳಿ ದೀಪದಿಂದ. ಮನೆಯಾಕೆ ದೀಪ ಎಂದೊಡನೆ ಬೇಡವೆಂದು ಕೈಯಾಡಿಸಿದರು. ಗೂಡು ಕಟ್ಟುವ ಹುಳುವಿಗೆ ಒಂದು ಕಡೆಯಿಂದ ಬೆಳಕು ಬಿದ್ದರೆ ಎಲ್ಲವೂ ನೆರಳಿನ ಕಡೆಗೆ ಸರಿದು ಗುಂಪಾಗುತ್ತವೆ. ಎರಡು ಹುಳು ಸೇರಿ ಒಂದೇ ಗೂಡು ಕಟ್ಟುತ್ತವೆ. ಅಂಥ ಜೋಡಿ ಗೂಡಿನಿಂದ ಸರಿಯಾಗಿ ನೂಲು ಬಿಚ್ಚಲಾಗದು, ಮಾರುಕಟ್ಟೆಯಲ್ಲಿ ಅದನ್ನು ಬೇರೆ ತೆಗೆದಿಡುತ್ತಾರೆ. ಹಾಗಾಗಿ ನಾನು ಐಆರ್ ಕ್ಯಾಮೆರಾ ಸೂಚಿಸಿದೆ. ಅದೂ ದೀಪ ಹಾಕಿಯೇ ನೋಡುತ್ತದೆ, ಆದರೆ ಆ ಬೆಳಕು ಕೆಂಪಿಗಿಂತ ಆಚೆಯದು, ನಮ್ಮ ಕಣ್ಣಿಗೂ ಕಾಣದು, ಹುಳುವಿಗೂ ತೊಂದರೆಯಿಲ್ಲ. ಚಿತ್ರ ಮಾತ್ರ ಕಪ್ಪು ಬಿಳುಪು. ಮನೆಯಾಕೆಯ ಗಂಡ ಒಪ್ಪಿದರು. ಅಂಗಡಿಯ ಮಾಲೀಕರಿಗೂ ಅದೇ ಬೇಕಿತ್ತು, ಕಪಾಟಿನಲ್ಲಿ ಅದೇ ಹೆಚ್ಚಿತ್ತು.

ಹಾಕಿದ ಮೊದಲ ರಾತ್ರಿಯಿಂದಲೇ ದೂರು. ಸುಣ್ಣ ಬಳಿದ ಗೋಡೆ ಹತ್ತಿರವಿದ್ದುದರಿಂದ ಆ ಬೆಳಕೆಲ್ಲ ಗೋಡೆಗೆ ಬಡಿದು ವಾಪಸ್ ಬಂದು ಪರದೆಯ ಅರ್ಧ ಬರಿ ಬಿಳುಪಾಗಿತ್ತು. ಕ್ಯಾಮೆರಾವನ್ನು ತಿರುಗಿಸಿದೆವು. ಆಮೇಲೆ ಅದರ ಬಿಸಿಗೆ ಹುಳುಹುಪ್ಪಟೆ ಬಂದವು, ಅವುಗಳನ್ನು ಹಿಡಿಯಲು ಜೇಡ ಬಂತು. ಲೆನ್ಸಿನ ಮುಂದೆ ಬಲೆಯ ಒಂದೊಂದು ಎಳೆಯೂ ಹಗ್ಗದಷ್ಟು ದಪ್ಪವಾಗಿ ಹೊಳೆಯುತ್ತಿತ್ತು. ಮಾಮೂಲಿಯಾಗಿ ನಾವು ಅಲ್ಲಿ ಕೀಟನಾಶಕ ಒರೆಸುತ್ತೇವೆ. ಇಲ್ಲಿ ಅದರ ಹೆಸರೆತ್ತುವಂತಿರಲಿಲ್ಲ. ಕೇಬಲ್ ಹೋದ ತೂತು ಮುಚ್ಚಲು ತಂದ ಸಿಲಿಕೋನ್ ಅಂಟನ್ನೂ ಮನೆಯಾಕೆ ಮೂಸಿ ನೋಡಿ ವಾಪಸ್ ಕೊಟ್ಟರು. ಸಗಣಿ ಮೆತ್ತಿದರು. ಮಾರ್ಗಶಿರದ ಮಂಜು ಬೀಳತೊಡಗಿದ ಮೇಲೆ ಬೆಳಗಿನ ಜಾವದ ಚಿತ್ರವೆಲ್ಲ ಹಾಲು ಚೆಲ್ಲಿದ ಹಾಗೆ. ಒಂದೊಂದಕ್ಕೂ ಸ್ಕೂಟರಿನಲ್ಲಿ ಅಷ್ಟು ದೂರ ಹೋಗಿ, ಕಾಲು ಅದ್ದಿ, ಮುಖ ತೊಳೆದು, ಕೋನ ಬದಲಿಸಿ ಬರುತ್ತಿದ್ದೆ. ಮಾಲೀಕರು ಪೆಟ್ರೋಲಿನ ಬಗ್ಗೆ ಏನೂ ಹೇಳಲಿಲ್ಲ, ಗಡಿಯಾರ ಮಾತ್ರ ನೋಡುತ್ತಿದ್ದರು.

ಆ ಓಡಾಟದಲ್ಲಿ ಮನೆಯವರ ಪರಿಚಯವಾಯಿತು. ಗಂಡ ಸಿಡುಕಿನವರು, ಬೇಗ ಸಿಟ್ಟು, ಬೇಗ ತಣ್ಣಗೆ. ಮನೆಯಾಕೆಯ ತಮ್ಮ ಬೆಳೆಯ ಸಹಾಯಕ್ಕೆಂದು ಬಂದು ಉಳಿದಿದ್ದ. ಶಬರಿಮಲೆಗೆ ಮಾಲೆ ಹಾಕಿದ್ದರಿಂದ ಮೈಮೇಲೆ ಕಪ್ಪು ಪಂಚೆ, ಕಪ್ಪು ಶಾಲು. ಮಾಲೆ ಹಾಕಿದವರನ್ನು ಎಲ್ಲರೂ ಸ್ವಾಮಿ ಎನ್ನಬೇಕು. ಅಕ್ಕನಿಗೆ ಅದು ನಾಲಿಗೆಗೆ ಇನ್ನೂ ಹತ್ತಿರಲಿಲ್ಲ. "ಲೇ... ಸಾಮಿ, ಸೊಪ್ಪು ತಗಂಬಾರಪ್ಪ" ಎನ್ನುತ್ತಿದ್ದರು. ಹುಳುಮನೆಯ ಹತ್ತಿರ ಊದುಬತ್ತಿ, ಕರ್ಪೂರ ಹಚ್ಚುವಂತಿಲ್ಲವಾದ್ದರಿಂದ ಅವನ ಪೂಜೆಯನ್ನು ಮನೆಯಿಂದ ಹೊರಗೆ ಹಾಕಿದ್ದರು. ಬೆಳಗಿನ ಜಾವ ತೊಟ್ಟಿಯಲ್ಲಿ ತಣ್ಣೀರು ಹುಯ್ದುಕೊಂಡು, ಅಂಗಳ ದಾಟಿ, ದೂರದ ಬೇವಿನ ಮರದಡಿ ಪೂಜೆ ಮುಗಿಸಿ ಬರುತ್ತಿದ್ದ.

ಹುಳು ಹಣ್ಣಾಗಿ ಚಂದ್ರಿಕೆ ಏರಿದವು. ಗೂಡು ಬಿಡಿಸುವ ಹೊತ್ತಿಗೆ ಮನೆಯಾಕೆಯ ಗಂಡ ಫೋನ್ ಮಾಡಿ, ತುದಿಯ ಚಂದ್ರಿಕೆಯಲ್ಲಿ ಮತ್ತೆ ಗೂಡು ಹೋಗಿದೆ, ರೆಕಾರ್ಡರಿನಿಂದ ಚಿತ್ರ ತೆಗೆದುಕೊಡಬೇಕು ಎಂದರು. ಹೋದೆ. ಟಿವಿಯ ಮುಂದೆ ಮನೆಯವರೆಲ್ಲ ಕೂತಿದ್ದರು. ಹಿಂದೆ ಮುಂದೆ ಓಡಿಸಿದೆ. ಹೆಚ್ಚಿನ ರಾತ್ರಿಗಳಲ್ಲಿ ಮಂಜು, ಬೆಕ್ಕು, ಜೇಡ. ಮಂಜು ತೆಳುವಾಗಿದ್ದ ಒಂದು ಬೆಳಗಿನ ಜಾವದಲ್ಲಿ ಮಾತ್ರ ಒಂದು ಆಕೃತಿ ಬಂತು. ಬಿಳಿ ಪಂಚೆ. ತಲೆಯ ಮೇಲೆ ಬಿಳಿ ಬಟ್ಟೆ. ಕ್ಯಾಮೆರಾಗೆ ಹತ್ತಿರವಿದ್ದುದರಿಂದ ಮುಖ ಬೆಳಕಿಗೆ ಸುಟ್ಟ ಹಾಗೆ, ಕಣ್ಣು ಮೂಗು ಇಲ್ಲದ ಒಂದು ಬಿಳುಪು. ಅದು ತುದಿಯ ಚಂದ್ರಿಕೆಯ ಬಳಿ ಬಗ್ಗಿತು, ಚಂದ್ರಿಕೆಯನ್ನು ಎತ್ತಿತು, ಚಿತ್ರದಿಂದ ಆಚೆ ಹೋಯಿತು.

ಮನೆಯಾಕೆ ಮೆಲ್ಲಗೆ "ಬಾವೋರು" ಎಂದರು, ಸೆರಗು ಬಾಯಿಗೆ ಹಿಡಿದುಕೊಂಡರು.

ಗಂಡ ಪರದೆಯ ಮೇಲಿನ ಸಮಯ ನೋಡಿದರು. ಸ್ವಾಮಿಯ ಕಡೆ ತಿರುಗಿ, ಆ ಹೊತ್ತಿಗೆ ನೀನು ಸ್ನಾನಕ್ಕೆ ಎದ್ದಿರುತ್ತೀಯಲ್ಲ ಎಂದು ಕೇಳಿದರು. ಅವನು ಯೋಚಿಸಿ ಹೇಳಿದ: "ಊಂ, ನಾನು ಅಲ್ಲೇ ಇದ್ದೆ ಭಾವ. ಯಾರೂ ಕಾಣ್ನಿಲ್ಲ."

"ನೀನು ಅಲ್ಲೇ ಇದ್ರೂ ಕಾಣ್ದಂಗೆ ಬಂದು ಹೋಗವ್ನೆ ಅಂದ್ರೆ, ಜಾಗ ಗೊತ್ತಿರೋನೆ ಕಣ್ಲಾ," ಎಂದರು ಗಂಡ. ಸ್ವಾಮಿ ಎನ್ನುವುದು ಅವರಿಗೂ ಮರೆತಿತ್ತು.

ಅಣ್ಣನನ್ನು ಕರೆದು ತೋರಿಸಿದರು. ನಾನು ಎದ್ದು ಹೊರಡಬೇಕಿತ್ತು, ಆದರೆ ರಿಮೋಟು ನನ್ನ ಕೈಯಲ್ಲಿತ್ತು, ಇನ್ನೊಮ್ಮೆ ಹಾಕು ಎಂದರು, ಹಾಕಿದೆ. ಹಿರಿಯರು ಕೂರಲಿಲ್ಲ. ಬಾಗಿಲ ಚೌಕಟ್ಟಿಗೆ ಕೈಯಿಟ್ಟು ನೋಡಿದರು. ಅವರು ರೇಗಲಿಲ್ಲ, ಅಲ್ಲ ಎನ್ನಲಿಲ್ಲ, ಹೌದೂ ಎನ್ನಲಿಲ್ಲ. ಮುಗಿದ ಮೇಲೂ ಚಿತ್ರ ನಿಂತ ಪರದೆಯನ್ನೇ ಸ್ವಲ್ಪ ಹೊತ್ತು ನೋಡಿ, ಸಂದಿಯಿಂದ ತಮ್ಮ ಮನೆಗೆ ಹೋದರು.

ಆಮೇಲಿನದು ನನಗೆ ಫೋನಿನಲ್ಲಿ ಗೊತ್ತಾಯಿತು. ಮಾತು ಊರಿನ ಯಜಮಾನರವರೆಗೆ ಹೋಗಿತ್ತು. ಬರುವ ಸೋಮವಾರ ಅಣ್ಣ ಬಸವಣ್ಣನ ಮುಂದೆ ಕರ್ಪೂರ ಹಚ್ಚಿ, ನಾನಲ್ಲ ಎಂದು ಪ್ರಮಾಣ ಮಾಡಲಿ, ಅಲ್ಲಿಗೆ ಮುಗಿಯಲಿ ಎಂದು ಹೇಳಿದ್ದರು. ದಿನವೂ ಆ ದೇವರಿಗೆ ಹೂವಿಡುವವರಿಗೆ ಇದು ಕಷ್ಟದ ಮಾತಲ್ಲ ಎಂದು ಎಲ್ಲರೂ ಎಣಿಸಿದ್ದರು. ಅವರು ಪ್ರಮಾಣ ಮಾಡುವುದಿಲ್ಲ ಎಂದುಬಿಟ್ಟರು. ಕಾರಣ ಹೇಳಲಿಲ್ಲ. ಅದರಿಂದ, ಅನುಮಾನವಿಲ್ಲದಿದ್ದವರಿಗೂ ಅನುಮಾನ ಬಂತು. ಸೋಮವಾರದ ತನಕ ಕಾಯುವುದು, ಆಮೇಲೂ ಅದೇ ಮಾತಾದರೆ ಎರಡು ಮನೆಗಳ ನಡುವೆ ನೀರು ಬೆಂಕಿಯ ಬಳಕೆ ನಿಲ್ಲಿಸಿ ಸಂದಿಗೆ ಗೋಡೆ ಕಟ್ಟುವುದು ಎಂದು ಮನೆಯಾಕೆಯ ಗಂಡ ಇಟ್ಟಿಗೆಗೆ ಹೇಳಿ ಬಂದಿದ್ದರು.

ಇಷ್ಟನ್ನು ಹೇಳಿದ ಮನೆಯಾಕೆ ಫೋನಿನಲ್ಲಿ ಕೇಳಿದ್ದು ಬೇರೆಯೇ. "ಮೇಡಮ್, ಮಕ ಕಾಣೋ ಕ್ಯಾಮ್ರಾ ಒಂದು ಕೊಡಿ. ಎಷ್ಟಾದ್ರೂ ಆಗ್ಲಿ."

ಮುಂದಿನ ಸಲ ಬಂದರೆ ಕಾಣುವ ಹಾಗೆ ಮಾಡಬಹುದು, ಹಿಂದಿನ ಚಿತ್ರದಲ್ಲಿ ಮುಖ ತರಿಸಲಾಗದು ಎಂದೆ.

"ಅದು ಅವ್ರಲ್ಲ ಅಂತ ಕಾಣ್ಬೇಕು ನಂಗೆ," ಎಂದರು. ಅವರ ಎರಡನೇ ಕೋಣೆಯಲ್ಲಿ ಹಿಂದೆಯೇ ತಂದ ಇನ್ನೊಂದು ತಂಡದ ಹುಳು ಇತ್ತು. ಅದು ಸೋಮವಾರದ ಆಸುಪಾಸಿನಲ್ಲಿ ಹಣ್ಣಾಗಲಿತ್ತು. ಹಣ್ಣಾದ ಹುಳುವನ್ನು ಅಂದೇ ಆರಿಸಿ ಚಂದ್ರಿಕೆಗೆ ಬಿಡದಿದ್ದರೆ ತಟ್ಟೆಯಲ್ಲೇ ನೂಲು ಕಕ್ಕಿ ಹಾಳಾಗುತ್ತದೆ. ಅದಕ್ಕೆ ಕೂಲಿಯವರು ಸಾಲದು, ಸಿಗುವುದೂ ಇಲ್ಲ. ಮನೆಯಾಕೆ ಮದುವೆಯಾಗಿ ಬಂದಾಗಿನಿಂದ ಎರಡೂ ಮನೆಯವರು ಒಬ್ಬರದಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ಆರಿಸಿಕೊಟ್ಟಿದ್ದರು. ಮನೆಯಾಕೆಗೆ ಹುಳು ಆರಿಸುವುದನ್ನು ಕಲಿಸಿದ್ದೇ ಆ ಭಾವನಂತೆ. ಬೆಳಕಿಗೆ ಹಿಡಿದು, ಕುತ್ತಿಗೆ ತಿಳಿಯಾಗಿದೆಯೇ ನೋಡು ಎಂದು. ಕ್ಯಾಮೆರಾ ನೋಡುತ್ತೇನೆ ಎಂದೆ. ಬೇರೆಯವರ ಮನೆಯ ವಿಷಯ ಕಿವಿಗೆ ಬಿದ್ದಾಗ ನನಗೆ ಮೊದಲು ಬರುವುದು ಸಂಕೋಚ.

ನಮ್ಮ ಅಂಗಡಿಯ ಹಿಂದೆ ಕಿಟಕಿಯಿಲ್ಲದ ಗೋಡೌನಿದೆ. ಹಗಲಲ್ಲೇ ಬಾಗಿಲು ಹಾಕಿ, ಅದರ ಕೆಳಗಿನ ಸಂದಿಗೆ ಗೋಣಿ ತುರುಕಿ ಕತ್ತಲೆ ಮಾಡಿಕೊಂಡೆ. ಮೂರು ಕ್ಯಾಮೆರಾಗಳನ್ನು ಒಂದೇ ಹಲಗೆಗೆ ಜೋಡಿಸಿದೆ. ಒಂದು, ಅವರ ಮನೆಯಲ್ಲಿದ್ದ ಅದೇ ಐಆರ್ ಮಾದರಿ. ಇನ್ನೆರಡು, ಸ್ವಲ್ಪ ಬೆಳಕಿದ್ದರೂ ಬಣ್ಣ ಹಿಡಿಯುವ ಜಾತಿಯವು, ಅವುಗಳ ಸೆನ್ಸರು ದೊಡ್ಡದು, ಲೆನ್ಸಿನ ಬಾಯಿ ಅಗಲ. ಮೂಲೆಯಲ್ಲಿ ಒಂದು ಜೀರೋ ಬಲ್ಬು ಹಚ್ಚಿ, ಅದಕ್ಕೂ ರಟ್ಟು ಅಡ್ಡ ಇಟ್ಟೆ.

ಎರಡನೆಯದರ ಚಿತ್ರ ನೋಡಿ ಖುಷಿಯಾಯಿತು. ರಟ್ಟಿನ ಪೆಟ್ಟಿಗೆಯ ಮೇಲಿನ ಅಕ್ಷರ ಕೂಡ ಓದಬಹುದಿತ್ತು. ಆದರೆ ಅದರ ಮುಂದೆ ನಡೆದು, ರೆಕಾರ್ಡಾದುದನ್ನು ನೋಡಿದರೆ ನಾನು ಒಂದು ಉದ್ದನೆಯ ಹೊಗೆ. ಬೆಳಕು ಸಾಲದ್ದಕ್ಕೆ ಕ್ಯಾಮೆರಾ ತನ್ನ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ, ನಿಂತ ವಸ್ತು ಚೆನ್ನಾಗಿ ಬರುತ್ತದೆ, ಚಲಿಸುವ ಮನುಷ್ಯ ಕರಗಿಹೋಗುತ್ತಾನೆ. ಅಂಗಡಿಯ ಗಾಜಿನ ಹಿಂದೆ ತೋರಿಸುವ ಮಾದರಿ ಚಿತ್ರಗಳಲ್ಲಿ ಎಲ್ಲವೂ ನಿಂತೇ ಇರುತ್ತವೆ. ಕಣ್ಣು ತೆರೆದಿರುವ ಅವಧಿಯನ್ನು ನಾವೇ ಕಟ್ಟಿಹಾಕುವ ಸೌಲಭ್ಯ ಮೂರನೆಯದರಲ್ಲಿತ್ತು. ಹಾಗೆ ಮಾಡಿದರೆ ಚಿತ್ರ ಕಪ್ಪಾಯಿತು, ಕಾಳು ಕಾಳಾಯಿತು. ಬಲ್ಬಿನ ರಟ್ಟನ್ನು ಬೆರಳಗಲ ಸರಿಸಿದೆ. ಮತ್ತೆ ನಡೆದೆ. ಮತ್ತೆ ನೋಡಿದೆ. ಊಟದ ಹೊತ್ತು ಮೀರಿತ್ತು. ಕತ್ತಲೆಯಲ್ಲಿ ಅತ್ತಿಂದಿತ್ತ ನಡೆದು ನಡೆದು ಕಾಲು ಸೋತಿದ್ದವು. ಯಾವ ಕ್ಯಾಮೆರಾ ಬಂದರೂ ಆ ಹಿರಿಯರ ಸೋಮವಾರ ಬದಲಾಗದು ಎಂಬುದು ಮನಸ್ಸಿನಲ್ಲಿ ಕೂತು, ಕೆಲಸ ಬೇಸರವಾಗುತ್ತಿತ್ತು.

ಹೋಲಿಕೆಗೆಂದು ಮೂರರ ಚಿತ್ರವನ್ನೂ ಒಂದೇ ಪರದೆಗೆ ತಂದಾಗ, ಮೊದಲು ನನಗೆ ತಪ್ಪು ರೆಕಾರ್ಡು ತೆರೆದೆ ಅನ್ನಿಸಿತು. ಮೂರನೆಯ ಚೌಕದಲ್ಲಿ ನಾನು ಬೆಳಿಗ್ಗೆ ತೊಟ್ಟು ಬಂದ ಕಪ್ಪು ಚೂಡಿದಾರದಲ್ಲಿದ್ದೆ. ಐಆರ್ ಚೌಕದಲ್ಲಿ ಅದೇ ನಾನು, ಅದೇ ಹೆಜ್ಜೆ, ಬಿಳಿ ಬಟ್ಟೆಯಲ್ಲಿದ್ದೆ.

ಬಟ್ಟೆಯ ಕಪ್ಪು ನಮ್ಮ ಕಣ್ಣಿಗೆ ಕಪ್ಪು. ಅದಕ್ಕೆ ಹಾಕಿದ ಬಣ್ಣ ನಮಗೆ ಕಾಣುವ ಬೆಳಕನ್ನೆಲ್ಲ ಹೀರುತ್ತದೆ, ಕೆಂಪಿನಾಚೆಯ ಬೆಳಕನ್ನು ಬಹಳ ಸಲ ಹೀರುವುದಿಲ್ಲ, ವಾಪಸ್ ಕಳಿಸುತ್ತದೆ. ಇದು ನಾನು ಓದಿದ ವಿಷಯವೇ. ಓದಿದ್ದು ಒಂದು ಕಡೆ, ಆ ಅಂಗಳ ಇನ್ನೊಂದು ಕಡೆ ಇದ್ದವು, ಆ ತನಕ ಸೇರಿರಲಿಲ್ಲ. ಬಾಗಿಲು ತೆರೆದು ಫಿಟ್ಟರನ್ನು ಕರೆದು, ಅವನ ಕಪ್ಪು ಪ್ಯಾಂಟು, ಮಾಲೀಕರ ಕೊಡೆ, ಮೇಜಿನ ಮೇಲಿನ ಕಪ್ಪು ಬಟ್ಟೆ ಎಲ್ಲವನ್ನೂ ಕ್ಯಾಮೆರಾ ಮುಂದೆ ಹಿಡಿದೆ. ಕೊಡೆ ಕಪ್ಪಾಗೇ ಉಳಿಯಿತು. ಪ್ಯಾಂಟು ಬೂದು ಬಣ್ಣಕ್ಕೆ ತಿರುಗಿತು. ಮೇಜಿನ ಬಟ್ಟೆ ಹಾಲಿನಂತಾಯಿತು.

ಆಗ ನನಗೆ ಆ ಮನೆಯಲ್ಲಿ ಕಪ್ಪು ಉಡುವವರು ಯಾರೆಂದು ನೆನಪಾಯಿತು. ಅಲ್ಲೇ ಇದ್ದೆ, ಯಾರೂ ಕಾಣಲಿಲ್ಲ ಎಂದವನು.

ಮಾಲೀಕರಿಗೆ ತೋರಿಸಿದೆ. ಅವರು ಪೂರ್ತಿ ನೋಡಿದರು, ಹೌದು ಎಂದರು, ಆಮೇಲೆ ಕುರ್ಚಿಗೆ ಒರಗಿದರು. "ನಾವು ಮಾರೋದು ಕ್ಯಾಮೆರಾ ಕಣಮ್ಮ. ಅದರೊಳಗೆ ಇರೋರು ಯಾರು ಅಂತ ಹೇಳೋದು ನಮ್ಮ ಕೆಲಸ ಅಲ್ಲ. ಇವತ್ತು ಅಣ್ಣ ಅಲ್ಲ ಅಂತೀಯ, ನಾಳೆ ಬಾಮೈದ ಅಂತ ಆಗುತ್ತೆ. ಆಗ ನಿನ್ನ ಹೆಸರು ಬರುತ್ತೆ."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಒಬ್ಬರ ಮೇಲಿಂದ ತೆಗೆದದ್ದನ್ನು ಇನ್ನೊಬ್ಬರ ಮೇಲೆ ಇಡುವ ಅಧಿಕಾರ ನನಗಿರಲಿಲ್ಲ. ಮಾಲೆ ಹಾಕಿದ ಹುಡುಗನ ಮೇಲಂತೂ ಆ ಮಾತು ಬಿದ್ದರೆ ಸುಮ್ಮನೆ ಹೋಗುವುದಿಲ್ಲ. ಮನೆಗೆ ಹೋಗಿ ಊಟ ಮಾಡಿದೆ, ಯಾರಿಗೂ ಹೇಳಲಿಲ್ಲ. ಹೇಳದೆ ಇದ್ದುಬಿಡಬಹುದು ಎಂದು ನಿಜವಾಗಿ ಯೋಚಿಸಿದೆ. ಆದರೆ ಆ ಹಿರಿಯರು ಬಾಗಿಲ ಚೌಕಟ್ಟು ಹಿಡಿದು ನೋಡುತ್ತಿದ್ದಾಗ ರಿಮೋಟು ಒತ್ತಿದ್ದು ನಾನು. ಆ ಚಿತ್ರ ಏನು ತೋರಿಸುತ್ತದೆ ಎಂಬುದನ್ನು ತೋರಿಸಿದವಳು, ಏನು ತೋರಿಸುವುದಿಲ್ಲ ಎಂಬುದನ್ನೂ ಹೇಳಿ ಬರಬೇಕು. ಯಾರು ಎಂದು ಹೇಳಬಾರದು. ಬಿಳಿ ಎಂದರೆ ಬಿಳಿಯಲ್ಲ, ಅಷ್ಟು ಮಾತ್ರ. ಹಾಗೆಂದು ತೀರ್ಮಾನಿಸಿ ಭಾನುವಾರ, ಅಂಗಡಿಯ ರಜೆಯ ದಿನ, ಐಆರ್ ಕ್ಯಾಮೆರಾ ಮತ್ತು ಚಿಕ್ಕ ಮಾನಿಟರನ್ನು ಬ್ಯಾಗಿಗೆ ಹಾಕಿಕೊಂಡು ಹೊರಟೆ. ಕೇಳಿದರೆ ಮಾಲೀಕರು ಬೇಡ ಎನ್ನುತ್ತಿದ್ದರೋ ಏನೋ, ಕೇಳಲಿಲ್ಲ.

ಸಂದಿಯ ಪಕ್ಕದಲ್ಲಿ ಇಟ್ಟಿಗೆ ಇಳಿಸಿದ್ದರು. ಮನೆಯಾಕೆ ಹೊಸ ಕ್ಯಾಮೆರಾ ಬಂತೆಂದುಕೊಂಡರು. ಅಲ್ಲ, ಒಂದು ಪರೀಕ್ಷೆ ಮಾಡಬೇಕು, ಕತ್ತಲೆ ಕೋಣೆ ಬೇಕು, ಎದುರು ಮನೆಯವರೂ ಬರಬೇಕು ಎಂದೆ. ಗಂಡ ಮುಖ ಗಂಟಿಕ್ಕಿದರು. ಇದೆಲ್ಲ ಆದಮೇಲೆ ಇನ್ನೇನು ಪರೀಕ್ಷೆ, ಊರೇ ನೋಡಿದೆ ಎಂದರು. ನಾನು ಜಗಳಕ್ಕೆ ನಿಲ್ಲುವವಳಲ್ಲ. ಬ್ಯಾಗು ಕೆಳಗಿಡದೆ ನಿಂತೇ ಇದ್ದೆ. ಕೊನೆಗೆ ಮನೆಯಾಕೆಯೇ ಸಂದಿ ದಾಟಿ ಹೋಗಿ ಕರೆದು ತಂದರು. ಹಿರಿಯರು ಬಂದರು, ಅವರ ಹೆಂಡತಿ ಬಂದು ಹೊಸ್ತಿಲ ಆಚೆಯೇ ನಿಂತರು.

ರಾಗಿ ಮೂಟೆ ಇಡುವ ಕೋಣೆಯ ಬಾಗಿಲು ಹಾಕಿ ಕ್ಯಾಮೆರಾ ಹಚ್ಚಿ, ಮಾನಿಟರನ್ನು ಹೊರಗೆ ಪಡಸಾಲೆಯಲ್ಲಿಟ್ಟೆ. ಮನೆಯಲ್ಲಿರುವ ಬಿಳಿ, ಕಪ್ಪು, ಯಾವ ಬಟ್ಟೆಯಾದರೂ ಸರಿ, ಒಂದೊಂದನ್ನೇ ಒಳಗಿನ ದಾರಕ್ಕೆ ಹಾಕಿ ಬನ್ನಿ ಎಂದು ಮನೆಯಾಕೆಗೆ ಹೇಳಿದೆ. ಅವರ ಹಸಿರು ಸೀರೆ ಬಿಳಿಯಾಯಿತು. ಗಂಡನ ಚೌಕಳಿ ಲುಂಗಿಯ ಚೌಕಳಿಯೇ ಮಾಯವಾಗಿ ಬಿಳಿಯಾಯಿತು. ಗಂಡ ಎದ್ದು ಕೋಣೆಯೊಳಗೆ ಹೋಗಿ ಲುಂಗಿಯನ್ನು ಮುಟ್ಟಿ ನೋಡಿ ಬಂದರು. ಮತ್ತೆ ಪರದೆ ನೋಡಿದರು.

"ಎಲ್ರೂವೆ ಬೆಳ್ಳಗೆ ಕಾಣ್ತೀವಾ ಇದ್ರಾಗೆ?" ಎಂದರು.

ಎಲ್ಲರೂ ಅಲ್ಲ, ಬಟ್ಟೆಯ ಬಣ್ಣದ ಮೇಲೆ ಹೋಗುತ್ತದೆ, ಆದರೆ ಈ ಚಿತ್ರ ನೋಡಿ ಬಿಳಿ ಉಟ್ಟವರು ಎಂದು ಹೇಳಲಾಗದು ಎಂದೆ. ನಾನು ಹೇಳಬೇಕೆಂದುಕೊಂಡದ್ದು ಅಷ್ಟೇ. ಸ್ವಾಮಿಯ ಕಡೆ ನೋಡಬಾರದೆಂದು ಕೇಬಲ್ ಸುತ್ತತೊಡಗಿದೆ.

ಅವನೇ ಎದ್ದ. ಹೆಗಲ ಮೇಲಿನ ಕಪ್ಪು ಶಾಲನ್ನು ತಲೆಗೆ ಹೊದ್ದು ಕೋಣೆಯೊಳಗೆ ಹೋಗಿ ಬಾಗಿಲು ಎಳೆದುಕೊಂಡ. ಪರದೆಯ ಮೇಲೆ ಬಿಳಿ ಪಂಚೆಯ, ತಲೆಗೆ ಬಿಳಿ ಬಟ್ಟೆಯ, ಮುಖವಿಲ್ಲದ ಆಕೃತಿ ಬಂದು ನಿಂತಿತು.

ಬಾಗಿಲ ಹಿಂದಿನಿಂದ ಕೇಳಿದ: "ಅಕ್ಕ, ಹೆಂಗೆ ಕಾಣ್ತಿದೀನಿ?"

ಅವನು ಹೊರಬಂದು ಎಲ್ಲರ ಮುಖಗಳನ್ನು ನೋಡಿ ತಿಳಿದುಕೊಂಡ. ಆಮೇಲೆ ತಡವರಿಸುತ್ತ ಹೇಳಿದ. ಮಂಜು ಬೀಳುತ್ತಿದ್ದ ಬೆಳಗುಗಳಲ್ಲಿ ತುದಿಯ ಚಂದ್ರಿಕೆ ನೆನೆಯುತ್ತಿತ್ತು, ಪೂಜೆಗೆ ಹೋಗುವಾಗ ಅದನ್ನು ಎತ್ತಿ ಒಳಗೆ ಸರಿಸಿ ಹೋಗುತ್ತಿದ್ದ, ಹುಳುವಿಗೆ ತಂಡಿ ಆಗಬಾರದೆಂದು. ಹೇಳುವಂಥ ಕೆಲಸ ಎಂದು ಅನ್ನಿಸಿರಲಿಲ್ಲ. ಚಿತ್ರದಲ್ಲಿದ್ದವನು ಬಿಳಿ ಉಟ್ಟಿದ್ದ, ಹಾಗಾಗಿ ಬೇರೆ ಯಾರೋ ಎಂದು ಅವನೂ ಎಲ್ಲರಂತೆ ನಂಬಿದ್ದ. "ನಾನೇ ನನ್ನ ನೋಡ್ನಿಲ್ಲ ಅಂತ ಸಾಕ್ಷಿ ಹೇಳ್ಬುಟ್ನಲ್ಲ ಭಾವ," ಎಂದ.

ಮನೆಯಾಕೆ ನಕ್ಕರು, ನಗು ಬೇಗ ಅಳುವಾಯಿತು. ಗಂಡ ಅಣ್ಣನ ಕಡೆ ನೋಡಲಾರದೆ ಹೊರಗೆ ಹೋಗಿ ಇಟ್ಟಿಗೆ ರಾಶಿಯ ಬಳಿ ನಿಂತರು. ಮಾನಿಟರಿನಲ್ಲಿ ಖಾಲಿ ಕೋಣೆ, ದಾರಕ್ಕೆ ನೇತುಹಾಕಿದ ಬಿಳಿ ಬಟ್ಟೆಗಳು. ಹಿರಿಯರು ಮಾತ್ರ ಅದನ್ನೇ ನೋಡುತ್ತಿದ್ದರು.

ಸೋಮವಾರ ಪ್ರಮಾಣ ನಡೆಯಲಿಲ್ಲ. ಮಂಗಳವಾರ ಹುಳು ಹಣ್ಣಾಯಿತು, ಅದೇ ದಿನ ನಾವು ಹೊಸ ಕ್ಯಾಮೆರಾ ಹಾಕಲು ಹೋದೆವು. ಮಾಲೀಕರಿಗೆ ನಡೆದುದನ್ನು ಹೇಳಿದ್ದೆ. ಅವರು ಬೈಯಲಿಲ್ಲ, ಮೆಚ್ಚಲೂ ಇಲ್ಲ, ಹಳೆಯದನ್ನು ವಾಪಸ್ ತರಲು ಮರೆಯಬೇಡ ಎಂದರು.

ಮೂರನೆಯ ಕ್ಯಾಮೆರಾವನ್ನೇ ಆರಿಸಿದ್ದೆ. ಆದರೆ ಅದಕ್ಕೂ ಬೆಳಕು ಬೇಕು, ಚಂದ್ರಿಕೆಗೆ ಕತ್ತಲೆ ಬೇಕು. ಚಂದ್ರಿಕೆಗಳನ್ನು ನೋಡುವುದನ್ನೇ ಬಿಟ್ಟೆ. ಹುಳು ಎಲ್ಲಿಗೂ ಹೋಗುವುದಿಲ್ಲ, ನಡೆಯುವವನು ಮನುಷ್ಯ. ಗೇಟಿನಿಂದ ಚಪ್ಪರಕ್ಕೆ ಬರುವ ಕಾಲುದಾರಿಗೆ ಕ್ಯಾಮೆರಾ ತಿರುಗಿಸಿ, ದಾರಿಯ ಪಕ್ಕ ಮೊಣಕಾಲೆತ್ತರದಲ್ಲಿ ಹಳದಿಯ ಚಿಕ್ಕ ಬಲ್ಬು ಹಾಕಿಸಿದೆ. ಎಣ್ಣೆ ಡಬ್ಬದ ತಗಡು ಕತ್ತರಿಸಿ ಅದಕ್ಕೆ ಮರೆ ಕಟ್ಟಿದೆವು, ಬೆಳಕು ನೆಲಕ್ಕೆ ಮಾತ್ರ ಬೀಳುವ ಹಾಗೆ. ಚಪ್ಪರದೊಳಗೆ ಕೂತು ನೋಡಿದರೆ ಬಲ್ಬು ಕಾಣುತ್ತಿರಲಿಲ್ಲ. ಹಸಿರು ಹಸಿರಾಗಿ, ಕಪ್ಪು ಕಪ್ಪಾಗಿ ಬಂತು. ಗೂಡು ತೆಗೆದವರು ಯಾರು ಎಂಬುದು ಇಂದಿಗೂ ಗೊತ್ತಾಗಿಲ್ಲ. ಕಳ್ಳನೋ, ಹೆಗ್ಗಣವೋ ಹೇಳಲಾರೆ.

ಫಿಟ್ಟರ್ ಏಣಿ ಇಳಿಯುವವರೆಗೆ ನಾನು ಜಗಲಿಯಲ್ಲಿ ಕೂತೆ. ಒಳಗೆ, ಹೊರಗೆ, ಎಲ್ಲೆಲ್ಲೂ ಜನ. ಎರಡೂ ಮನೆಯವರು, ಅಕ್ಕಪಕ್ಕದವರು ತಟ್ಟೆಗಳ ಸುತ್ತ ಕೂತು ಹುಳು ಆರಿಸುತ್ತಿದ್ದರು. ಅಣ್ಣತಮ್ಮಂದಿರು ಒಂದೇ ತಟ್ಟೆಗೆ ಕೂತಿರಲಿಲ್ಲ, ಆದರೆ ತಮ್ಮ ತುಂಬಿಸಿದ ಮೊರವನ್ನು ಅಣ್ಣ ಇಸಿದುಕೊಂಡು ಚಂದ್ರಿಕೆಗೆ ಬಿಡುತ್ತಿದ್ದರು. ಇಟ್ಟಿಗೆ ಇನ್ನೂ ಅಲ್ಲೇ ಇತ್ತು, ಅದರ ಮೇಲೆ ಯಾರೋ ಚಂದ್ರಿಕೆ ಒರಗಿಸಿದ್ದರು.

ಹಿರಿಯರು ಖಾಲಿ ಮೊರ ಹಿಡಿದು ನನ್ನ ಪಕ್ಕ ಬಂದು ಕೂತರು. ಅಂಗೈಯಲ್ಲಿ ಒಂದು ಹುಳು ಉಳಿದಿತ್ತು. ಅದನ್ನು ಬೆಳಕಿಗೆ ಎತ್ತಿ, ಕುತ್ತಿಗೆ ನೋಡಿ, ಬೆರಳ ಮೇಲೆ ಬಿಟ್ಟುಕೊಂಡರು. ನನ್ನ ಕಡೆ ತಿರುಗದೆ, ನನಗೆ ಮಾತ್ರ ಕೇಳುವ ಹಾಗೆ ಹೇಳಿದರು.

"ಪ್ರಮಾಣ ಯಾಕೆ ಮಾಡ್ನಿಲ್ಲ ಅಂತ ಎಲ್ರೂ ಕೇಳ್ತಾವ್ರೆ. ಏನಂತ ಮಾಡ್ಲವ್ವ? ಈಚೀಚೆಗೆ ಒಸಿ ಮರೆವು. ಪಂಪ್‌ಸೆಟ್ ಬೀಗ ನಾನೇ ಹಾಕಿರ್ತೀನಿ, ಆಮೇಲೆ ಯಾರು ಹಾಕುದ್ರು ಅಂತ ಕೇಳ್ತೀನಿ. ಟಿವಿನಾಗೆ ನೋಡ್ದಾಗ, ನಾನೇ ಇರ್ಬೋದು ಅಂದ್ಕಂಡೆ. ಎದ್ದು ಬಂದು ತಗಂಡು, ಎಲ್ಲಾದ್ರೂ ಇಟ್ಟು, ಮರ್ತಿರ್ಬೋದು ಅಂತ. ಮನೆಯೆಲ್ಲ ಹುಡುಕ್ದೆ ಕಣವ್ವ. ಗೊತ್ತಿಲ್ದೆ ಬಸವಣ್ಣನ ಮುಂದೆ ನಾನಲ್ಲ ಅಂತ ಹೆಂಗಂದೇನು?"

ಫಿಟ್ಟರ್ ಏಣಿ ಮಡಚುತ್ತಿದ್ದ. ಹಿರಿಯರು ಎದ್ದು ಬೆರಳ ಮೇಲಿನ ಹುಳುವನ್ನು ಹತ್ತಿರದ ಚಂದ್ರಿಕೆಯ ಸುರುಳಿಗೆ ಇಳಿಸಿದರು. ಅದು ತಲೆಯೆತ್ತಿ ಅತ್ತಿತ್ತ ಆಡಿಸಿ ಜಾಗ ಹುಡುಕುವವರೆಗೆ ನೋಡಿ, ಮತ್ತೆ ಬಂದು ಕೂತರು. ನನ್ನ ಮುಖವನ್ನು ದಿಟ್ಟಿಸಿ, ಬಹಳ ವಿಶ್ವಾಸದಿಂದ ಕೇಳಿದರು.

"ಯಾವೂರವ್ವ ನಿಂದು?"

ಸೋಲೂರು ಎಂದೆ, ಮೊದಲ ಸಲ ಹೇಳುವವಳ ಹಾಗೆ. ಅಲ್ಲಿ ತೆಂಗು ಈಗ ಹೆಂಗೈತೆ ಎಂದು ಕೇಳಿದರು. ಹೇಳಿದೆ.